ಒರ್ಲ್ಯಾಂಡೊಗೆ ಆರ್‌ವಿಯಲ್ಲಿ ಹೋಗೋದಾ, ಬೇಡ್ವಾ? ಅತ್ತೆ-ಮಾವ, ಇಬ್ಬರು ಮಕ್ಕಳು, ನವೆಂಬರ್ ಮೊದಲ ವಾರ

ಪುಟ್ಟಿಯಮ್ಮ:
ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನವೆಂಬರ್ ಮೊದಲ ವಾರ ಟೀಚರ್‌ಗಳ ಸಮ್ಮೇಳನಕ್ಕೆ ಅಂತ ಗುರುವಾರ-ಶುಕ್ರವಾರ ಶಾಲೆಗೆ ರಜ ಕೊಡ್ತಾರಲ್ಲ, ಅದಕ್ಕೆ ಹಿಂದಿನ ಮೂರು ದಿನ ಸೇರಿಸಿದ್ರೆ ಶನಿವಾರದಿಂದ ಮುಂದಿನ ಭಾನುವಾರದವರೆಗೆ ಒಂಬತ್ತು ದಿನ ಸಿಗುತ್ತೆ. ಡಿಸ್ನಿಗೆ ಹೋಗೋಣ ಅಂತ. ಸೆಪ್ಟೆಂಬರ್‌ಗೆ ಊರಿಂದ ಅತ್ತೆ-ಮಾವ ಬರ್ತಾರೆ. ಮಾವನಿಗೆ 72, ಗಟ್ಟಿಮುಟ್ಟಾಗಿದ್ದಾರೆ. ಅತ್ತೆಗೆ ಮೊಣಕಾಲು ನೋವು. ಮಗಳಿಗೆ 8 ವರ್ಷ, ಮಗನಿಗೆ ಡಿಸೆಂಬರ್‌ನಲ್ಲಿ 3 ತುಂಬುತ್ತೆ.

ನಮ್ಮನೆಯವರಿಗೆ ಆರ್‌ವಿ, ಅಂದ್ರೆ ಹಾಸಿಗೆ, ಅಡುಗೆಮನೆ, ಬಾತ್ರೂಮ್ ಎಲ್ಲ ಒಳಗೇ ಇರೋ ಗಾಡಿ, ಅದರ ಹುಚ್ಚು. ಇಲ್ಲೇ ಬಾಡಿಗೆಗೆ ತಗೊಂಡು ಐ-95 ಹೆದ್ದಾರಿ ಹಿಡಿದು ಹೋಗೋಣ, ಡಿಸ್ನಿಯೊಳಗಿನ ಫೋರ್ಟ್ ವೈಲ್ಡರ್‌ನೆಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಉಳಿಯೋಣ, ಹೋಟೆಲ್ ದುಡ್ಡೂ ಉಳಿಯುತ್ತೆ, ಅಡುಗೆಮನೆಯೂ ಜತೆಗಿರುತ್ತೆ ಅನ್ನೋದು ಅವರ ವಾದ. ಹೋಗಿಬಂದವರು ದಯವಿಟ್ಟು ಹೇಳಿ, ಇದು ನಡೆಯೋ ಮಾತಾ?

ಗಾಲಿಮನೆ:
ಮೊದಲು ದಾರಿಯ ಲೆಕ್ಕ ಹಾಕಿ ಕಣ್ರೀ, ಪಾರ್ಕಿನ ಲೆಕ್ಕ ಆಮೇಲೆ. ಎಡಿಸನ್‌ನಿಂದ ಒರ್ಲ್ಯಾಂಡೊಗೆ ಸುಮಾರು 1,050 ಮೈಲಿ. ಕಾರಾದ್ರೆ ಇಬ್ಬರು ಸರದಿ ಮೇಲೆ ಓಡಿಸಿ ಎರಡು ದಿನದಲ್ಲಿ ಮುಟ್ಟಿಸ್ತೀರಿ. 30 ಅಡಿಯ ಕ್ಲಾಸ್ ಸಿ ಗಾಡಿ (ಡ್ರೈವರ್ ಸೀಟಿನ ಮೇಲೆ ಮಲಗೋ ಅಟ್ಟ ಇರೋ ಆರ್‌ವಿ) ಹಾಗಲ್ಲ. ಪಕ್ಕದಲ್ಲಿ ದೊಡ್ಡ ಟ್ರಕ್ ಹಾದಾಗಲೆಲ್ಲ ಗಾಡಿ ಒಂದು ಕಡೆ ಎಳೆಯುತ್ತೆ, ಗಾಳಿ ಜೋರಾದ್ರೆ ಸ್ಟಿಯರಿಂಗ್ ಬಿಗಿಹಿಡಿದೇ ಕೂತಿರಬೇಕು. ಆರ್‌ವಿಯವರಲ್ಲಿ 3-3-3 ಅಂತ ಒಂದು ರೂಢಿ ಇದೆ. ದಿನಕ್ಕೆ 300 ಮೈಲಿಗಿಂತ ಹೆಚ್ಚು ಬೇಡ, ಮಧ್ಯಾಹ್ನ 3 ಗಂಟೆಯೊಳಗೆ ಜಾಗ ಸೇರಿ, ಸೇರಿದ ಕಡೆ 3 ರಾತ್ರಿ ಇರಿ. ಆ ಪ್ರಕಾರ ಹೋಗೋಕೆ ಮೂರೂವರೆ ದಿನ, ಬರೋಕೆ ಮೂರೂವರೆ ದಿನ. ನಿಮ್ಮ ಒಂಬತ್ತರಲ್ಲಿ ಏಳು ದಿನ ರಸ್ತೆಗೇ ಹೋಯ್ತು. ರೂಢಿ ಮುರಿದು ದಿನಕ್ಕೆ 500 ಓಡಿಸ್ತೀನಿ ಅಂದ್ರೂ ನಾಲ್ಕು ದಿನ ಬೇಕೇ ಬೇಕು. ಆಮೇಲೆ ಓಡಿಸಿದವರು ಪಾರ್ಕಿನಲ್ಲಿ ಬೆಂಚು ಹುಡುಕ್ತಾರೆ.

ಪೆಟ್ರೋಲು: ಈ ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಟ್ರೆ ಪುಣ್ಯ. ಹೋಗಿಬರೋಕೆ 210ರಿಂದ 260 ಗ್ಯಾಲನ್. ಇದರ ಮೇಲೆ ಬಾಡಿಗೆಯವರು ಮೈಲಿ ಲೆಕ್ಕ ಬೇರೆ ಹಾಕ್ತಾರೆ, ಜನರೇಟರ್ ಓಡಿಸಿದ ಗಂಟೆಗೂ ಬೇರೆ. ಹಾಸಿಗೆ-ಹೊದಿಕೆ, ಪಾತ್ರೆ-ಪಗಡಕ್ಕೂ ಎಷ್ಟೋ ಕಡೆ ಪ್ರತ್ಯೇಕ ದುಡ್ಡು. ಹೋಟೆಲಿನದು ಉಳಿಯುತ್ತೆ ಅನ್ನೋ ವಾದ ಇಲ್ಲಿಗೇ ಬಿದ್ದುಹೋಗುತ್ತೆ.

ಇನ್ನೊಂದು ವಿಷಯ ಕಾರಿನ ಜಿಪಿಎಸ್ ಹೇಳೋದಿಲ್ಲ. ಆರ್‌ವಿ ಅಂದ್ಮೇಲೆ ಪ್ರೊಪೇನ್ ಇರುತ್ತೆ. 10 ಪೌಂಡಿಗಿಂತ ದೊಡ್ಡ ಪ್ರೊಪೇನ್ ಸಿಲಿಂಡರ್ ಇರೋ ಗಾಡಿಯನ್ನ ಬಾಲ್ಟಿಮೋರಿನ ಸುರಂಗಗಳಿಗೆ ಬಿಡೋಲ್ಲ. ಐ-95 ನೇರವಾಗಿ ಹೋಗೋದು ಫೋರ್ಟ್ ಮೆಕ್‌ಹೆನ್ರಿ ಸುರಂಗಕ್ಕೇ. ಮೊದಲು ನಾವೆಲ್ಲ ಕೀ ಸೇತುವೆ ಮೇಲೆ ದಾಟ್ತಿದ್ವಿ. 2024ರ ಮಾರ್ಚ್ 26ರಂದು ಹಡಗು ಗುದ್ದಿ ಅದು ಕುಸೀತು. ಈಗ ಐ-695ರ ಪಶ್ಚಿಮದ ಕಡೆಯಿಂದ ಊರು ಸುತ್ತಿಕೊಂಡು ಹೋಗಬೇಕು.

ಕಡಲತಡಿ:
ನಾನು ಹೇಳುವುದು ಕೇಳಿ ಮಾರಾಯ್ರೆ, ಆರ್‌ವಿಯೂ ಬೇಡ ಎಂತದ್ದೂ ಬೇಡ. ವಿಮಾನದಲ್ಲಿ ಹೋಗಿ, ಅಡುಗೆಮನೆ ಇರುವ ಹೋಟೆಲ್ ಮಾಡಿ. ಮೊಣಕಾಲು ನೋವಿನವರು ಆರ್‌ವಿಯ ಮೆಟ್ಟಿಲು ಹತ್ತುವುದು ನೋಡಿದ್ದೀರಾ? ಸಪೂರ, ಎತ್ತರ, ಹಿಡಿಯಲಿಕ್ಕೆ ಒಂದು ಚಿಕ್ಕ ಕಂಬಿ. ರಾತ್ರಿ ಬಾತ್ರೂಮಿಗೆ ಏಳಬೇಕಾದರೆ ಮಧ್ಯದಲ್ಲಿ ಮಲಗಿದ ಮಕ್ಕಳ ಕಾಲು. ಆರು ಜನ, ಒಂದು ಬಾತ್ರೂಮು. ನೀರು ಕಾಯಿಸುವ ಟ್ಯಾಂಕ್ ಹೆಚ್ಚಿನವುಗಳಲ್ಲಿ 6 ಗ್ಯಾಲನ್, ಎರಡನೆಯವರು ಸಾಬೂನು ಹಚ್ಚುವಷ್ಟರಲ್ಲಿ ತಣ್ಣೀರು.

ಹುಬ್ಬಳ್ಳಿ ಟು ಟ್ಯಾಂಪಾ:
ಕಡಲತಡಿಯವರ ಮಾತು ಸುಳ್ಳಲ್ರಿ, ಆದ್ರ ಫೋರ್ಟ್ ವೈಲ್ಡರ್‌ನೆಸ್‌ದಾಗ ಸ್ನಾನಕ್ಕ ಆರ್‌ವಿ ಒಳಗಿಂದು ಬಳಸಬೇಕಂತ ಏನಿಲ್ಲ. ಪ್ರತಿ ಲೂಪಿಗೂ (ಸೈಟುಗಳ ಒಂದೊಂದು ಸುತ್ತು ಬೀದಿ) ಸಮೀಪ ಕಂಫರ್ಟ್ ಸ್ಟೇಷನ್ ಅಂತ ಇರ್ತದ, ಸ್ವಚ್ಛ ಇರ್ತದ, ಬಿಸಿನೀರು, ಬಟ್ಟಿ ಒಗಿಯೂ ಮಷೀನ್, ಎಲ್ಲಾ ಅದಾವ. ನಾವು ಫ್ಲಾರಿಡಾದವರು ವಾರಾಂತ್ಯಕ್ಕ ಹೋಗಿಬಿಡ್ತೀವಿ.

ನನ್ನ ಸಲಹೆ: ಜೆರ್ಸಿಯಿಂದ ಗಾಡಿ ತರಬ್ಯಾಡ್ರಿ. ಒರ್ಲ್ಯಾಂಡೊಕ್ಕ ವಿಮಾನದಾಗ ಬರ್ರಿ, ಇಲ್ಲೇ ಬಾಡಿಗಿ ತಗೋರಿ. ಆರ್‌ವಿ ಮಾಲೀಕರು ತಾವಾ ಗಾಡಿ ತಂದು, ನಿಮ್ಮ ಸೈಟಿನ್ಯಾಗ ನಿಲ್ಲಿಸಿ, ನೀರು-ಕರೆಂಟು ಜೋಡಿಸಿ, ಕೀಲಿ ಕೈಯಾಗ ಕೊಟ್ಟು ಹೋಗೋದೂ ಅದ. ಔಟ್‌ಡೋರ್ಸಿ, ಆರ್‌ವಿಶೇರ್ ವೆಬ್‌ಸೈಟ್ ತೆಗೆದು ನೋಡ್ರಿ, ಡೆಲಿವರಿ ಅಂತ ಬರೆದಿರ್ತಾರ. ಕ್ಯಾಂಪ್‌ಗ್ರೌಂಡಿಗೆ ಒಂದು ಫೋನ್ ಹಚ್ಚಿ ಹೊರಗಿನ ಬಾಡಿಗಿ ಗಾಡಿ ಬಗ್ಗೆ ಅವರ ನಿಯಮ ಏನದ ಕೇಳ್ರಿ, ಆಮ್ಯಾಲೆ ರೊಕ್ಕ ಕಟ್ರಿ. ಕಾರೂ ಬೇಕಾಗೂದಿಲ್ಲ. ಡಿಸ್ನಿಯ ನಾಕು ಪಾರ್ಕಿನ್ಯಾಗ ಮ್ಯಾಜಿಕ್ ಕಿಂಗ್‌ಡಮ್‌ಗೆ ದೋಣಿ, ಉಳಿದ ಅನಿಮಲ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್‌ಕ್ಕ ಬಸ್ಸು.

ಪುಟ್ಟಿಯಮ್ಮ:
ತಂದು ನಿಲ್ಲಿಸಿ ಹೋಗ್ತಾರಾ! ಇದು ಗೊತ್ತೇ ಇರಲಿಲ್ಲ. ಆದ್ರೆ ನಮ್ಮನೆಯವರ ಮುಖ ಸಪ್ಪಗಾಯ್ತು, ಅವರಿಗೆ ಓಡಿಸೋದೇ ಮುಖ್ಯ. 😀

ಇನ್ನೊಂದು ಪ್ರಶ್ನೆ. ಫೋರ್ಟ್ ವೈಲ್ಡರ್‌ನೆಸ್‌ನಲ್ಲೇ ಕ್ಯಾಬಿನ್‌ಗಳೂ ಇವೆಯಂತಲ್ಲ, ಅದು ಹೇಗೆ?

ಸಾಲಿನಲ್ಲಿರುವೆ:
ಕ್ಯಾಬಿನ್‌ಗಳನ್ನೆಲ್ಲ ಹೊಸದಾಗಿ ಕಟ್ಟಿ 2024ರ ಜುಲೈಯಿಂದ ತೆರೀತಾ ಬಂದ್ರು. ಆರು ಜನ ಮಲಗಬಹುದು, ಪೂರ್ತಿ ಅಡುಗೆಮನೆ ಇದೆ, ಆದ್ರೆ ಬಾತ್ರೂಮ್ ಅಲ್ಲೂ ಒಂದೇ. ಬಾಡಿಗೆ ಕ್ಯಾಂಪ್ ಸೈಟಿನ ಎಷ್ಟೋ ಪಟ್ಟು. ನೀವು ತಾರೀಖು ಹಾಕಿ ಎರಡನ್ನೂ ಪಕ್ಕಪಕ್ಕ ನೋಡಿ. ಸೈಟಿನ ಬಾಡಿಗೆಗೆ ಆರ್‌ವಿಯ ಬಾಡಿಗೆ, ತಂದು ನಿಲ್ಲಿಸೋ ಖರ್ಚು ಎಲ್ಲ ಸೇರಿಸಿಯೇ ಹೋಲಿಸಬೇಕು. ಸೈಟಿನ ದರ ಒಂದನ್ನೇ ನೋಡಿ "ಅಯ್ಯೋ ಎಷ್ಟು ಅಗ್ಗ" ಅನ್ನೋರೇ ಜಾಸ್ತಿ.

ಇನ್ನು ನವೆಂಬರ್ ಮೊದಲ ವಾರ. ಆ ವಾರಕ್ಕೆ ಡಿಸ್ನಿಗೆ ಹೋಗೋರ ಬಾಯಲ್ಲಿ ಹೆಸರೇ "ಜೆರ್ಸಿ ವೀಕ್"! ಎಡಿಸನ್, ಐಸಲಿನ್, ಪ್ಲೇನ್ಸ್‌ಬರೋದ ಅರ್ಧ ಜನ ಅಲ್ಲೇ ಸಿಗ್ತಾರೆ. ಗುಂಪು ಕಟ್ಟೋದು ಗುರುವಾರದಿಂದ ಭಾನುವಾರದವರೆಗೆ. ನೀವು ಹಿಂದಿನ ಶನಿವಾರವೇ ಹೊರಡ್ತೀರಲ್ಲ, ಅದೇ ನಿಮ್ಮ ಲಾಭ. ಭಾನು, ಸೋಮ, ಬುಧ ಪಾರ್ಕು ಮಾಡಿ. ಗುರುವಾರ ಜೆರ್ಸಿ ಬಂದಿಳಿಯೋ ಹೊತ್ತಿಗೆ ನೀವು ಪಾರ್ಕಿನಿಂದ ಹೊರಗಿರಿ.

ಮಗನ ವಿಷಯದಲ್ಲಿ ನಿಮ್ಮ ತಾರೀಖು ಚಿನ್ನ. 3 ತುಂಬದ ಮಕ್ಕಳಿಗೆ ಟಿಕೆಟ್ಟೇ ಇಲ್ಲ. 3ರಿಂದ 9 ಮಕ್ಕಳ ಟಿಕೆಟ್, 10 ಆದ್ರೆ ದೊಡ್ಡವರ ಲೆಕ್ಕ. ಡಿಸೆಂಬರ್‌ಗೆ ಮುಂದೂಡಬೇಡಿ.

ಮಗಳಿಗೆ 8 ಅಂದ್ರೆ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ, ಶೂ ಹಾಕಿಸಿಯೇ. ಕೆಲವು ರೈಡುಗಳಿಗೆ ಕನಿಷ್ಠ ಎತ್ತರ ಬೇಕು: ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್‌ಗೆ 38 ಇಂಚು, ಟಿಯಾನಾಸ್ ಬಾಯೂಗೆ 40, ಸ್ಪೇಸ್ ಮೌಂಟನ್‌ಗೆ 44, ಟ್ರಾನ್‌ಗೆ 48. ಇಷ್ಟು ದೂರ ಹೋಗಿ ಗೇಟಿನ ಹತ್ತಿರ ಅಳತೆಗೋಲು ನೋಡಿ ಅಳೋ ಮಕ್ಕಳನ್ನ ಪ್ರತಿಸಲ ನೋಡ್ತೀನಿ. ಚಿಕ್ಕವನನ್ನ ಬಿಟ್ಟು ಹೋಗೋಕಾಗಲ್ಲ ಅನ್ನೋದಕ್ಕೆ ರೈಡರ್ ಸ್ವಿಚ್ ಇದೆ. ಅಪ್ಪ-ಮಗಳು ಹೋಗಿ ಬರೋವರೆಗೆ ಅಮ್ಮ ಮಗನ ಜತೆ ಕೂರೋದು, ಆಮೇಲೆ ಅಮ್ಮ ಮತ್ತೆ ಉದ್ದ ಸಾಲಿನಲ್ಲಿ ನಿಲ್ಲದೇ ಹೋಗಬಹುದು. ಮಗಳನ್ನ ಎರಡನೇ ಸಲವೂ ಜತೆಗೆ ಕರ್ಕೊಂಡು ಹೋಗಬಹುದು, ಅದೇ ಅವಳಿಗೆ ದೊಡ್ಡ ಲಾಟರಿ.

ಪುಟ್ಟಿಯಮ್ಮ:
ಜೆರ್ಸಿ ವೀಕ್ ಓದಿ ಎಲ್ಲರೂ ನಕ್ಕೆವು. ಅತ್ತೆ-ಮಾವನಿಗೆ ಪಾರ್ಕಿನಲ್ಲಿ ಏನಿದೆ? ದಿನಾ ಅವರನ್ನ ಎಳ್ಕೊಂಡು ಹೋಗೋದು ಸರಿಯಾ?

ಸಾಲಿನಲ್ಲಿರುವೆ:
ದಿನಾ ಬೇಡವೇ ಬೇಡ. ಟಿಕೆಟ್ಟನ್ನೂ ಅವರಿಗೆ ಎರಡೇ ದಿನದ್ದು ತಗೊಳ್ಳಿ, ನಿಮಗೆ ಮೂರು ದಿನದ್ದು. ಎಲ್ಲರಿಗೂ ಒಂದೇ ಟಿಕೆಟ್ ಇರಬೇಕು ಅಂತ ಯಾರೂ ಹೇಳಿಲ್ಲ.

ಅನಿಮಲ್ ಕಿಂಗ್‌ಡಮ್‌ನ ಸಫಾರಿಗೆ ಎತ್ತರದ ಮಿತಿ ಇಲ್ಲ. ತೆರೆದ ಲಾರಿಯಂಥ ಗಾಡಿ, ಬೆಳಿಗ್ಗೆ ಮೊದಲ ಸರದಿಗೇ ಹೋದ್ರೆ ಪ್ರಾಣಿಗಳು ಓಡಾಡ್ತಾ ಇರ್ತವೆ. ದಾರಿ ಸ್ವಲ್ಪ ಕುಲುಕುತ್ತೆ, ಅತ್ತೆಯವರನ್ನ ಮಧ್ಯದ ಸಾಲಿನಲ್ಲಿ ಕೂರಿಸಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಜಂಗಲ್ ಕ್ರೂಸ್, ಪೈರೇಟ್ಸ್, ಪೀಪಲ್‌ಮೂವರ್ ಇವು ಅವರಿಗೂ ಚಿಕ್ಕವನಿಗೂ ಒಟ್ಟಿಗೆ ಆಗ್ತವೆ. ಎಪ್ಕಾಟ್‌ನಲ್ಲಿ ನಡಿಗೆ ಜಾಸ್ತಿ. ವೀಲ್‌ಚೇರ್ ಪಾರ್ಕಿನ ಬಾಗಿಲಲ್ಲೇ ಬಾಡಿಗೆಗೆ ಸಿಗುತ್ತೆ. "ನನಗೇನು ಕಾಲಿಲ್ವಾ" ಅಂತ ಅತ್ತೆ ಮುನಿಸಿಕೊಳ್ಳಬಹುದು. ಚಿಕ್ಕವನು ತೊಡೆ ಮೇಲೆ ಕೂರೋಕೆ ಬೇಕು ಅಂತ ಹೇಳಿ ತಗೊಂಡುಬಿಡಿ, ನಮ್ಮತ್ತೆ ಹತ್ರ ನಡೆದಿದ್ದು ಅದೇ.

ಇನ್ನೊಂದು ಗುಟ್ಟು. ನವೆಂಬರ್‌ನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಕ್ರಿಸ್‌ಮಸ್ ಪಾರ್ಟಿ ರಾತ್ರಿಗಳು ಶುರುವಾಗ್ತವೆ. ಪಾರ್ಟಿಯ ದಿನ ಬೇರೆ ಟಿಕೆಟ್ ಇಲ್ಲದವರು ಸಂಜೆ 6ಕ್ಕೆ ಹೊರಗೆ. ರಾತ್ರಿಯ ಪಟಾಕಿ ತಪ್ಪುತ್ತೆ ಅಂತ ಜನ ಆ ದಿನ ಬರೋದೇ ಕಡಿಮೆ. ವಯಸ್ಸಾದವರು ಹೇಗೂ 6ರ ಮೇಲೆ ಇರಲ್ಲ. ಪಟಾಕಿಯನ್ನ ಫೋರ್ಟ್ ವೈಲ್ಡರ್‌ನೆಸ್‌ನ ದೋಣಿಕಟ್ಟೆ ಹತ್ತಿರದ ಮರಳಿನ ಮೇಲೆ ಕೂತು ಕೆರೆಯಾಚೆ ನೋಡಬಹುದು. ಡಿಸ್ನಿ ಕ್ಯಾಲೆಂಡರ್ ಬಿಟ್ಟ ಮೇಲೆ ಆ ವಾರದಲ್ಲಿ ಪಾರ್ಟಿ ಇದ್ಯಾ ನೋಡಿ, ಇದ್ರೆ ಆ ದಿನವೇ ಮ್ಯಾಜಿಕ್ ಕಿಂಗ್‌ಡಮ್ ಇಟ್ಕೊಳ್ಳಿ.

ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ (ದುಡ್ಡು ಕೊಟ್ಟು ರೈಡುಗಳ ಚಿಕ್ಕ ಸಾಲಿನಲ್ಲಿ ಹೋಗೋ ಪಾಸ್) ವಿಷಯ: ಕ್ಯಾಂಪ್ ಸೈಟ್‌ನಲ್ಲಿ ಉಳಿದವರೂ ಡಿಸ್ನಿ ರೆಸಾರ್ಟ್‌ನವರೇ. ಹೊರಗಿನವರಿಗೆ 3 ದಿನ ಮುಂಚೆ, ನಿಮಗೆ 7 ದಿನ ಮುಂಚೆ ಬೆಳಿಗ್ಗೆ 7ಕ್ಕೆ ತೆರೆಯುತ್ತೆ, ಇಡೀ ವಾಸ್ತವ್ಯಕ್ಕೆ ಒಂದೇ ಸಲ ಹಾಕಬಹುದು. ಜೊತೆಗೆ ಪಾರ್ಕು ತೆರೆಯೋಕೆ ಅರ್ಧ ಗಂಟೆ ಮುಂಚೆ ಒಳಗೆ ಬಿಡ್ತಾರೆ. ಹೋಟೆಲ್ ಮೇಲೋ ಕ್ಯಾಂಪ್ ಮೇಲೋ ಅನ್ನೋರು ಈ ಎರಡನ್ನೂ ತಕ್ಕಡಿಗೆ ಹಾಕಬೇಕು. ಹೊರಗಿನ ಅಗ್ಗದ ಹೋಟೆಲ್‌ಗೆ ಇವೆರಡೂ ಇಲ್ಲ.

ಕಡಲತಡಿ:
ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ ಸರಿ. ಅಲ್ಲಿಗೆ ಮುಟ್ಟುವುದು ಹೇಗೆ? ಸೈಟಿನಿಂದ ಒಳಗಿನ ಬಸ್ಸಿಗೆ ಕಾಯಬೇಕು, ಅದರಲ್ಲಿ ಡಿಪೋಕ್ಕೆ ಹೋಗಬೇಕು, ಅಲ್ಲಿಂದ ಪಾರ್ಕಿನ ಬಸ್ಸಿಗೆ ಕಾಯಬೇಕು. ಸ್ಟ್ರೋಲರ್ ಮಡಚುವುದು, ಬಿಡಿಸುವುದು. ಕಾರಿದ್ದವರು ಅಷ್ಟರಲ್ಲಿ ಪಾರ್ಕಿಂಗ್ ಮಾಡಿ ಆಗಿರುತ್ತದೆ.

ಗಾಲಿಮನೆ:
ಕಡಲತಡಿಯವರು ಸರಿಯಾದ ಜಾಗಕ್ಕೇ ಕೈಯಿಟ್ಟರು. ಫೋರ್ಟ್ ವೈಲ್ಡರ್‌ನೆಸ್‌ನ ದೊಡ್ಡ ಕೊರತೆ ಅದೇ. 750 ಎಕರೆ ಕಾಡು, ಒಳಗೆ ಸ್ವಂತ ಗಾಡಿ ಸುತ್ತಾಡಿಸೋ ಹಾಗಿಲ್ಲ, ಸೈಟಿಗೆ ಬರೋಕೆ-ಹೋಗೋಕೆ ಮಾತ್ರ. ಎರಡು ಬಸ್ಸಿನ ದಾರಿಗೆ ಒಂದು ಗಂಟೆ ಹಿಡಿದುಕೊಂಡೇ ಹೊರಡಬೇಕು. ಅದಕ್ಕೇ ಗಾಲ್ಫ್ ಕಾರ್ಟ್. ಸೈಟ್ ಬುಕ್ ಮಾಡಿದ ತಕ್ಷಣ ಅದನ್ನೂ ಕೇಳಿ, ಪ್ರತ್ಯೇಕ ಬಾಡಿಗೆ, ರಜೆ ವಾರಗಳಲ್ಲಿ ಉಳಿಯೋದೇ ಇಲ್ಲ. ಅತ್ತೆಯವರನ್ನ ದೋಣಿಕಟ್ಟೆಗೋ ಡಿಪೋಗೋ ನೇರ ಇಳಿಸಬಹುದು. ಮೊಣಕಾಲು ನೋವಿನವರು ಇರೋ ಮನೆಗೆ ನಾನಾದ್ರೆ ಲೈಟ್ನಿಂಗ್ ಲೇನ್ ಬಿಟ್ಟು ಕಾರ್ಟಿಗೆ ದುಡ್ಡು ಹಾಕ್ತೀನಿ.

ಸೈಟ್ ಆರಿಸೋವಾಗ ದೋಣಿಕಟ್ಟೆಗೆ ಹತ್ತಿರದ ಪ್ರಿಫರ್ಡ್ ಲೂಪ್‌ಗಳನ್ನ ನೋಡಿ. ಪ್ರೀಮಿಯಂ ಅಂದ್ರೆ ಕಾಂಕ್ರೀಟ್ ಹಾಸು ದೊಡ್ಡದು, ದೊಡ್ಡ ಗಾಡಿಯವರಿಗೆ. ಹೆಸರು ಕೇಳಿ ಪ್ರೀಮಿಯಂ ಮೇಲು ಅಂದ್ಕೋಬೇಡಿ, ನಿಮಗೆ ಬೇಕಿರೋದು ಹತ್ತಿರದ ಜಾಗ. ಸೈಟಿಗೆ 10 ಜನರವರೆಗೆ ಇರಬಹುದು. ಚೆಕ್-ಇನ್ ಮಧ್ಯಾಹ್ನ 1ಕ್ಕೆ. ಡಿಸ್ನಿ ರೆಸಾರ್ಟ್‌ಗಳನ್ನ 499 ದಿನ ಮುಂಚಿನಿಂದ ಬುಕ್ ಮಾಡ್ತಾರೆ, ಹಾಗಾಗಿ ನೀವು ಇವತ್ತೇ ನೋಡಿದ್ರೂ ಬೇಗ ಅಂತೇನಿಲ್ಲ.

ಇನ್ನು ನನ್ನ ಅಸಲು ಮಾತು. ಪಾರ್ಕು ನೋಡೋ ದಿನಗಳಲ್ಲಿ ಆರ್‌ವಿ ಕದಲಬಾರದು. ನಿಂತ ಆರ್‌ವಿ ಇಡೀ ಕುಟುಂಬಕ್ಕೆ ಮಧ್ಯಾಹ್ನದ ಮನೆ, ಓಡೋ ಆರ್‌ವಿ ದಿನಾ ಬೆಳಿಗ್ಗೆ ಮನೆ ಖಾಲಿ ಮಾಡೋ ಕೆಲಸ. ಬೆಳಿಗ್ಗೆ ಹೋಗಿ, ಒಂದು ಗಂಟೆಗೆ ವಾಪಸ್ ಬಂದು, ಉಂಡು, ಎ.ಸಿ. ಹಾಕಿ ಮಲಗಿ, ನಾಲ್ಕೂವರೆಗೆ ಬೇಕಾದವರು ಮತ್ತೆ ಹೋಗೋದು. ಅತ್ತೆ-ಮಾವ ಸಂಜೆ ಕ್ಯಾಂಪ್‌ಫೈರ್ ಹತ್ತಿರ ಕೂತಿರ್ತಾರೆ, ಮೊಮ್ಮಗ ಮಾರ್ಷ್‌ಮೆಲ್ಲೋ ಸುಡ್ತಾನೆ. ಆರ್‌ವಿಯಿಂದ ಸಿಗೋ ಲಾಭ ಅಂದ್ರೆ ಇದೇ, ದುಡ್ಡು ಉಳಿಯೋದಲ್ಲ.

ನಿವೃತ್ತ ಎಂಜಿನಿಯರ್:
ಎಲ್ಲರೂ ಪಾರ್ಕಿನ ಬಗ್ಗೆ ಬರೆದಿದ್ದೀರಿ, ಗಾಡಿಯೊಳಗಿನ ವಿಚಾರ ನಾನು ಬರೆಯುತ್ತೇನೆ. ತಂದು ನಿಲ್ಲಿಸಿ ಕೊಟ್ಟರೂ ಇವು ನಿಮಗೆ ಗೊತ್ತಿರಬೇಕು.

ಮೊದಲು ಕರೆಂಟು. 30 ಆ್ಯಂಪ್‌ನ ಗಾಡಿಗೆ 120 ವೋಲ್ಟ್‌ನಲ್ಲಿ ಸಿಗುವುದು ಒಟ್ಟು 3,600 ವಾಟ್. ಮೇಲಿನ ಎ.ಸಿ. ಒಂದೇ ಸುಮಾರು 1,500 ತಿನ್ನುತ್ತದೆ. ಅದರ ಜತೆಗೆ ಕೆಟಲ್ ಹಾಕಿ, ಮೈಕ್ರೋವೇವ್ ಒತ್ತಿ, ಯಾರೋ ಹೇರ್ ಡ್ರೈಯರ್ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ಬೆಳಿಗ್ಗೆ ಏಳೂವರೆಗೆ ಕ್ಯಾಂಪ್‌ಗ್ರೌಂಡಿನ ತುಂಬ ಜನ ಕಂಬದ ಹತ್ತಿರ ಬಗ್ಗಿ ನಿಂತಿರುವುದು ಇದಕ್ಕೇ. 50 ಆ್ಯಂಪ್‌ನ ಗಾಡಿಯಾದರೆ 12,000 ವಾಟ್, ಚಿಂತೆಯಿಲ್ಲ. ಬಾಡಿಗೆಯ ಕ್ಲಾಸ್ ಸಿ ಬಹುತೇಕ 30ರದ್ದೇ. ಒಂದು ಸಲಕ್ಕೆ ಎ.ಸಿ. ಜತೆ ಇನ್ನೊಂದೇ ದೊಡ್ಡ ಉಪಕರಣ ಎಂದು ಮನೆಯವರಿಗೆಲ್ಲ ಮೊದಲೇ ಹೇಳಿಡಿ. ಅಡುಗೆಗೆ ಗ್ಯಾಸ್ ಒಲೆ ಬಳಸಿ. ಮೇಲಿನ ಫ್ಯಾನ್ ಹಾಕದೆ ಒಗ್ಗರಣೆ ಕೊಟ್ಟರೆ ಸ್ಮೋಕ್ ಅಲಾರಂ ಇಡೀ ಲೂಪನ್ನೇ ಎಬ್ಬಿಸುತ್ತದೆ.

ಎರಡನೆಯದು ಟ್ಯಾಂಕ್. ಶೌಚದ್ದು ಬ್ಲ್ಯಾಕ್, ಸ್ನಾನ-ಪಾತ್ರೆಯದ್ದು ಗ್ರೇ. ಸೈಟಿನಲ್ಲಿ ಕೊಳವೆ ಜೋಡಿಸಿಯೇ ಇದೆಯಲ್ಲ ಎಂದು ಬ್ಲ್ಯಾಕ್ ಕವಾಟ ತೆರೆದಿಡಬೇಡಿ. ನೀರು ಹರಿದು ಹೋಗುತ್ತದೆ, ಗಟ್ಟಿ ಒಳಗೇ ಒಣಗಿ ಗುಡ್ಡೆಯಾಗುತ್ತದೆ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಟ್ಟಿಗೆ ಬಿಡಬೇಕು. ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ. ಹಿಂದಿನಿಂದ ಬರುವ ಸಾಬೂನು ನೀರು ಕೊಳವೆ ತೊಳೆಯಲಿ ಎಂದು ಈ ಕ್ರಮ. ಕೈಗೆ ಬಿಸಾಡುವ ಗವಸು ಹಾಕಿ. ಕೊಳವೆ ಬಿಚ್ಚುವ ಮುಂಚೆ ಎರಡೂ ಕವಾಟ ಮುಚ್ಚಿದೆಯೇ ಎಂದು ಕಣ್ಣಿಂದ ನೋಡಿ, ಆಮೇಲೆ ಕೊಳವೆಯ ಆ ತುದಿಯನ್ನು ಮೇಲೆತ್ತಿ ಉಳಿದದ್ದು ಇಳಿದುಹೋಗಲು ಬಿಡಿ. ಹೆಂಗಸರೂ ಮಕ್ಕಳೂ ಆ ಹೊತ್ತಿಗೆ ಎಲ್ಲೋ ಮಾಯವಾಗಿರುತ್ತಾರೆ, ಇದು ಎಲ್ಲ ಮನೆಯಲ್ಲೂ.

ಮೂರನೆಯದು, ಓಡಿಸುವುದಾದರೆ ಟೈರ್. ಟ್ರೆಡ್ ಚೆನ್ನಾಗಿದೆ ಎಂದು ಒಪ್ಪಬೇಡಿ, ಆರ್‌ವಿಯ ಟೈರು ಸವೆಯುವ ಮುಂಚೆ ನಿಂತೇ ಮುದಿಯಾಗುತ್ತದೆ. ಟೈರಿನ ಪಕ್ಕೆಯಲ್ಲಿ ಡಿಓಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಅಂಥದ್ದನ್ನು ನಾನಾದರೆ ಹೆದ್ದಾರಿಗೆ ಒಯ್ಯುವುದಿಲ್ಲ. ನನ್ನ ಮಗನಿಗೆ ಒಬ್ಬ ಬಾಡಿಗೆಯವನು ಇಂಥ ಹಳೆಯ ಟೈರಿನ ಗಾಡಿ ಕೊಟ್ಟು, ದಾರಿಯಲ್ಲಿ ಅದು ಸಿಡಿದು, ಚಕ್ರದ ಮೇಲಿನ ತಗಡನ್ನೆಲ್ಲ ಕಿತ್ತುಹಾಕಿತು. ಹಾನಿಯ ದುಡ್ಡು ನೀವೇ ಕೊಡಿ ಎಂದು ಅವನ ವರಾತ. ಗಾಡಿ ತೆಗೆದುಕೊಳ್ಳುವಾಗ ಮಗ ನಾಲ್ಕೂ ಕಡೆಯಿಂದ ವಿಡಿಯೋ ಮಾಡಿದ್ದ, ಟೈರಿನ ಅಂಕಿಯೂ ಅದರಲ್ಲಿತ್ತು. ಅಲ್ಲಿಗೆ ಮಾತು ಮುಗಿಯಿತು.

ಪುಟ್ಟಿಯಮ್ಮ:
ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಗನ ಕಾರ್ ಸೀಟ್ ಎಲ್ಲಿ ಹಾಕೋದು? ಬಾಡಿಗೆ ಪುಟದಲ್ಲಿ "6 ಜನಕ್ಕೆ ಸೀಟ್ ಬೆಲ್ಟ್" ಅಂತ ಇದೆ.

ನಿವೃತ್ತ ಎಂಜಿನಿಯರ್:
ತಂಗಿ, ಆ "6 ಜನಕ್ಕೆ ಬೆಲ್ಟ್" ಎನ್ನುವುದನ್ನು ಬಿಡಿಸಿ ನೋಡಬೇಕು. ಕ್ಲಾಸ್ ಸಿ ಗಾಡಿಯಲ್ಲಿ ಮುಂದೆ ಇಬ್ಬರು. ಉಳಿದ ನಾಲ್ವರು ಊಟದ ಮೇಜಿನ ಎದುರುಬದುರು ಬೆಂಚುಗಳಲ್ಲಿ. ಅದರಲ್ಲಿ ಒಂದು ಬೆಂಚು ಹಿಂದಕ್ಕೆ ಮುಖ ಮಾಡಿದ್ದು, ಅದರ ಮೇಲೆ ಕಾರ್ ಸೀಟ್ ಕೂಡದು. ಪಕ್ಕಕ್ಕೆ ತಿರುಗಿದ ಸೋಫಾದ ಮೇಲೂ ಕೂಡದು. ಮುಂದಕ್ಕೆ ಮುಖ ಮಾಡಿದ ಬೆಂಚು ಒಂದೇ ಉಳಿಯಿತು. ಅದರಲ್ಲೂ ಮೆತ್ತೆ ಎತ್ತಿ ನೋಡಿದರೆ ಎಷ್ಟೋ ಗಾಡಿಗಳಲ್ಲಿ ಕೆಳಗಿರುವುದು ಬರೀ ಪ್ಲೈವುಡ್ ಪೆಟ್ಟಿಗೆ, ಬೆಲ್ಟು ಉಕ್ಕಿನ ಚೌಕಟ್ಟಿಗೆ ಹೋಗಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಮೇಲಿನ ಟೆದರ್ ಪಟ್ಟಿ ಸಿಕ್ಕಿಸಲು ಕೊಂಡಿ ಇದೆಯೇ ಎಂದು ಮಾಲೀಕರಿಂದ ಫೋಟೋ ತರಿಸಿಕೊಳ್ಳಿ. ಇಲ್ಲವೆಂದರೆ ಮಕ್ಕಳನ್ನು ಆರ್‌ವಿಯಲ್ಲಿ ಕೂರಿಸಬೇಡಿ, ಹಿಂದೆ ಕಾರಿನಲ್ಲಿ ಬರಲಿ. ಓಡುವ ಗಾಡಿಯಲ್ಲಿ ಎದ್ದು ಫ್ರಿಜ್ ತೆರೆಯುವುದು, ಹಿಂದಿನ ಮಂಚದ ಮೇಲೆ ಮಲಗುವುದು, ಇದನ್ನೆಲ್ಲ ಜಾಹೀರಾತಿನವರು ಮಾಡಿಕೊಳ್ಳಲಿ.

ಮಲಗುವ ವ್ಯವಸ್ಥೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಿಂದಿನ ಮಂಚ ಅತ್ತೆ-ಮಾವನಿಗೆ, ಬಾತ್ರೂಮ್ ಅದಕ್ಕೆ ಹತ್ತಿರ. ಎರಡೂ ಬದಿಯಿಂದ ಇಳಿಯಲಾಗುವಂಥ ಮಂಚ ಇರುವ ಗಾಡಿಯನ್ನೇ ಹುಡುಕಿ, ಮೂಲೆಗೆ ಒತ್ತಿದ ಮಂಚವಾದರೆ ಒಬ್ಬರು ಇನ್ನೊಬ್ಬರನ್ನು ದಾಟಿ ಬರಬೇಕು. ಡ್ರೈವರ್ ಸೀಟಿನ ಮೇಲಿನ ಅಟ್ಟ ನೀವಿಬ್ಬರಿಗೆ. ಮೇಜು ಮಡಚಿ ಮಾಡುವ ಹಾಸಿಗೆ ಮಕ್ಕಳಿಗೆ. ಚಿಕ್ಕವನನ್ನು ಅಟ್ಟಕ್ಕೆ ಹತ್ತಿಸಬೇಡಿ.

ಹುಬ್ಬಳ್ಳಿ ಟು ಟ್ಯಾಂಪಾ:
ಗುರುವಾರದ ಮ್ಯಾಲಿನ ಕತಿ ನಾ ಹೇಳ್ತೀನಿ. ಜೆರ್ಸಿ ಮಂದಿ ಬಂದು ಇಳಿಯೂದ್ರಾಗ ನೀವು ವೆಕೈವಾ ಸ್ಪ್ರಿಂಗ್ಸ್‌ಗೆ ಹೋಗ್ರಿ. ಅಪೋಪ್ಕಾ ಕಡೆ, ಅಲ್ಲಿಂದ ಸುಮಾರು 30 ಮೈಲಿ, ಸ್ಟೇಟ್ ಪಾರ್ಕ್. ನೆಲದಾಗಿಂದ ಉಕ್ಕೂ ನೀರು, ವರ್ಷಪೂರ್ತಿ 72 ಡಿಗ್ರಿ ಫ್ಯಾರನ್‌ಹೀಟ್. ತಳದಾಗ ಬಿದ್ದ ಎಲಿ ಸೈತ ಕಾಣ್ತದ. ಮಕ್ಕಳು ಕೇಳಂಗಿಲ್ಲ, ಧುಮುಕ್ತಾವ. ಕ್ಯಾಂಪ್‌ಗ್ರೌಂಡ್ 60 ಸೈಟಿಂದು, ಬೇಗ ತುಂಬತದ. ಫ್ಲಾರಿಡಾ ಸ್ಟೇಟ್ ಪಾರ್ಕಿನ್ಯಾಗ ನಮಗ 11 ತಿಂಗಳು ಮೊದಲು ಬುಕ್ ಮಾಡಾಕ ಬಿಡ್ತಾರ, ಹೊರಗಿನವರಿಗೆ 10 ತಿಂಗಳು, 2024ರಿಂದ ಹಿಂಗ ಮಾಡ್ಯಾರ. ಅಂದ್ರ ನಿಮ್ಮ ತಾರೀಖು ನಮ್ಮವರ ಕೈಗೆ ಮೊದಲ ಸಿಕ್ಕಿರ್ತದ. ಸಿಗಲಿಲ್ಲಂದ್ರ ರದ್ದಾದ ಸೈಟಿಗೆ ದಿನಾ ಒಂದಿಷ್ಟು ಇಣುಕ್ರಿ, ಬಿಡಬ್ಯಾಡ್ರಿ.

ಶನಿವಾರ-ರವಿವಾರ ಹಗಲ್ ಹೊತ್ತು ಬರೂ ಮಂದಿ ಹೆಚ್ಚಾಗಿ ಗೇಟ್ ಮುಚ್ಚಿಬಿಡ್ತಾರ. ಸೈಟ್ ಬುಕ್ ಆದವರಿಗೆ ಆ ತ್ರಾಸಿಲ್ಲ.

ಸಾಲಿನಲ್ಲಿರುವೆ:
ಅಲ್ಲೇ ಹತ್ತಿರ ಬ್ಲೂ ಸ್ಪ್ರಿಂಗ್ ಇದೆಯಲ್ಲ, ಅಲ್ಲಿ ಮ್ಯಾನಟೀ (ಕಡಲಹಸು) ನೋಡಬಹುದು. ಅದನ್ನೂ ಸೇರಿಸಿ.

ಹುಬ್ಬಳ್ಳಿ ಟು ಟ್ಯಾಂಪಾ:
ನವೆಂಬರ್ ಮೊದಲ ವಾರ ಸ್ವಲ್ಪ ಲಗೂ ಆತು ಅಕ್ಕಾರ. ನದಿ ನೀರು ತಣ್ಣಗಾದ ಮ್ಯಾಲ ಅವು ಬೆಚ್ಚಗಿನ ಬುಗ್ಗಿಗೆ ಬರೂದು, ನವೆಂಬರ್ ನಡುವಿನಿಂದ ಮಾರ್ಚ್ ತನಕ. ಅವು ಬಂದ ಮ್ಯಾಲ ಅಲ್ಲಿ ಮನುಷ್ಯಾರಿಗೆ ಈಜಾಕ ಬಿಡಂಗಿಲ್ಲ. ಈ ಸಲ ಮಕ್ಕಳು ಈಜಲಿ, ಮ್ಯಾನಟೀ ಇನ್ನೊಮ್ಮೆ.

ಹಾಂ, ಚಂಡಮಾರುತದ ಹಂಗಾಮು ನವೆಂಬರ್ 30ರ ತನಕ ಅದ. ಬರೂದು ಕಡಿಮಿ, ಬರಂಗಿಲ್ಲ ಅಂತಲ್ಲ. 2024ರ ಅಕ್ಟೋಬರ್‌ದಾಗ ಮಿಲ್ಟನ್ ಬಂದಾಗ ಫೋರ್ಟ್ ವೈಲ್ಡರ್‌ನೆಸ್ ಮುಚ್ಚಿ ಎಲ್ಲಾರನ್ನೂ ಹೊರಗ ಕಳಿಸಿದ್ರು. ಹೋಟೆಲ್‌ದಾಗಿದ್ದವರು ಹೋಟೆಲ್‌ದಾಗ ಇದ್ರು. ಆರ್‌ವಿ ಬಾಡಿಗಿ ಕರಾರಿನ್ಯಾಗ ಇಂಥಾದ್ದಕ್ಕ ರೊಕ್ಕ ವಾಪಸ್ ಕೊಡ್ತಾರೋ ಇಲ್ಲೋ ಓದಿ ಸಹಿ ಮಾಡ್ರಿ.

ಗಾಲಿಮನೆ:
ಪುಟ್ಟಿಯಮ್ಮನವರ ಯಜಮಾನರಿಗೆ ಒಂದು ಮಾತು. ಓಡಿಸೋ ಆಸೆ ಇದ್ರೆ ಅಕ್ಟೋಬರ್‌ನಲ್ಲೇ ಒಂದು ವಾರಾಂತ್ಯ ಗಾಡಿ ತಗೊಂಡು ಹರ್ಷಿಪಾರ್ಕ್‌ಗೆ ಹೋಗಿಬನ್ನಿ. ಪೆನ್ಸಿಲ್ವೇನಿಯಾದಲ್ಲಿ, ನಿಮಗೆ ಮೂರು ಗಂಟೆ ದಾರಿ, ಸುರಂಗದ ತಲೆನೋವಿಲ್ಲ. ಅವರದ್ದೇ ಕ್ಯಾಂಪಿಂಗ್ ರೆಸಾರ್ಟ್ ಇದೆ. ಅಲ್ಲಿ ರೈಡುಗಳಿಗೆ ಮಕ್ಕಳ ಎತ್ತರವನ್ನ ಚಾಕಲೇಟಿನ ಹೆಸರಲ್ಲಿ ವಿಂಗಡಿಸ್ತಾರೆ, ನೀನು ಕಿಸಸ್, ನೀನು ರೀಸಸ್ ಅಂತ, ಮಗಳಿಗೆ ಖುಷಿಯಾಗುತ್ತೆ. ತಿರುವಿನಲ್ಲಿ ಗಾಡಿಯ ಬಾಲ ಎಷ್ಟು ಹೊರಗೆ ಬೀಸುತ್ತೆ, ಪೆಟ್ರೋಲ್ ಬಂಕಿನ ಚಾವಣಿ ತಲೆಗೆ ಎಷ್ಟು ಹತ್ತಿರ, ಅತ್ತೆಯವರಿಗೆ ಮೆಟ್ಟಿಲು ಆಗುತ್ತಾ, ಎಲ್ಲ ಎರಡು ರಾತ್ರಿಗೇ ತಿಳಿಯುತ್ತೆ. ಗಾಡಿಯ ಎತ್ತರವನ್ನ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಮೇಲಿನ ಎ.ಸಿ. ಸೇರಿಸಿದ ಎತ್ತರ. ನ್ಯೂಯಾರ್ಕ್ ಕಡೆಯ ಪಾರ್ಕ್‌ವೇಗಳಿಗೆ ಮಾತ್ರ ಹೋಗಲೇಬೇಡಿ, ಅಲ್ಲಿನ ಸೇತುವೆಗಳು ತಗ್ಗು.

ಅಲ್ಲಿ ಅತ್ತೆಯವರಿಗೆ ಆಗಲಿಲ್ಲ ಅಂದ್ರೆ ಫ್ಲಾರಿಡಾದಲ್ಲಿ ಕ್ಯಾಬಿನ್ ಮಾಡಿ. ಹಾಗಾಗಿ ಈಗ ಏನೇ ಬುಕ್ ಮಾಡಿದ್ರೂ ಯಾವ ತಾರೀಖಿನವರೆಗೆ ರದ್ದು ಮಾಡಬಹುದು ಅನ್ನೋದನ್ನ ಮೊದಲು ಬರೆದಿಟ್ಕೊಳ್ಳಿ.

ಪುಟ್ಟಿಯಮ್ಮ:
ರಾತ್ರಿ ಕೂತು ಇದನ್ನೆಲ್ಲ ಇಬ್ಬರೂ ಓದಿದ್ವಿ. ಅಕ್ಟೋಬರ್‌ನಲ್ಲಿ ಹರ್ಷಿ, ಅವರೇ ಓಡಿಸ್ತಾರೆ. ನವೆಂಬರ್‌ಗೆ ಶನಿವಾರ ವಿಮಾನ, ಫೋರ್ಟ್ ವೈಲ್ಡರ್‌ನೆಸ್‌ನಲ್ಲಿ ಗುರುವಾರದವರೆಗೆ, ಪ್ರಿಫರ್ಡ್ ಸೈಟ್ ಸಿಕ್ಕಿತು. ಭಾನುವಾರ ಅನಿಮಲ್ ಕಿಂಗ್‌ಡಮ್ ಎಲ್ಲರೂ, ಸೋಮವಾರ ಹಾಲಿವುಡ್ ಸ್ಟುಡಿಯೋಸ್ ನಾವು ನಾಲ್ವರೇ, ಮಂಗಳವಾರ ಏನೂ ಇಲ್ಲ, ಬುಧವಾರ ಮ್ಯಾಜಿಕ್ ಕಿಂಗ್‌ಡಮ್ ಎಲ್ಲರೂ. ಗುರುವಾರ ಆರ್‌ವಿಯನ್ನ ಅವರೂ ಮಾವನೂ ವೆಕೈವಾಗೆ ಓಡಿಸ್ಕೊಂಡು ಬರ್ತಾರೆ, ನಾವು ಕಾರ್ ಸೀಟ್ ಹಾಕ್ಕೊಂಡು ಬಾಡಿಗೆ ಕಾರಲ್ಲಿ. ವೆಕೈವಾ ಮಾತ್ರ ಗುರುವಾರ ಒಂದೇ ರಾತ್ರಿ ಸಿಕ್ಕಿದೆ, ಶುಕ್ರವಾರ-ಶನಿವಾರಕ್ಕೆ ಇನ್ನೂ ಇಣುಕ್ತಾ ಇದೀನಿ. ಗಾಲ್ಫ್ ಕಾರ್ಟ್‌ಗೆ ವೇಟಿಂಗ್ ಲಿಸ್ಟ್ ಅಂದ್ರು.

ಕಡಲತಡಿ:
ಬುಧವಾರ ಬೇಡ, ಮ್ಯಾಜಿಕ್ ಕಿಂಗ್‌ಡಮ್ ಸೋಮವಾರಕ್ಕೆ ಮಾಡಿ. ಬುಧವಾರ ಸಂಜೆಯೇ ನಿಮ್ಮ ಊರಿನವರು ಬಂದು ಇಳಿಯಲಿಕ್ಕೆ ಶುರು. ಮತ್ತೆ ಅತ್ತೆಯವರ ಮೊಣಕಾಲಿಗೆ ಒಂದು ಮಡಚುವ ಪೀಠ, ಮೆಟ್ಟಿಲಿನ ಕೆಳಗೆ ಇಡಲಿಕ್ಕೆ.

ಸಾಲಿನಲ್ಲಿರುವೆ:
ಪಾರ್ಟಿ ದಿನ ಗೊತ್ತಾಗೋವರೆಗೆ ಅದಲುಬದಲು ಮಾಡಬೇಡಿ, ಮಂಗಳವಾರ ಪಾರ್ಟಿ ಇದ್ರೆ ಅದೇ ಮ್ಯಾಜಿಕ್ ಕಿಂಗ್‌ಡಮ್ ದಿನ, ಬುಧವಾರ ವಿಶ್ರಾಂತಿ. ಊಟದ ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ, ಅಷ್ಟರಲ್ಲಿ ತೀರ್ಮಾನ ಮಾಡಿದ್ರೆ ಸಾಕು.

ಹುಬ್ಬಳ್ಳಿ ಟು ಟ್ಯಾಂಪಾ:
ವೆಕೈವಾ ಶುಕ್ರವಾರದ್ದು ಮಂದಿ ಕಡೀ ವಾರದಾಗ ಬಿಡ್ತಾರ, ಬೆಳಿಗ್ಗೆ ಎದ್ದ ಕೂಡ್ಲೆ ನೋಡ್ರಿ. ಗಾಲ್ಫ್ ಕಾರ್ಟ್ ಸಿಗಲಿಲ್ಲಂದ್ರೂ ಗಾಬರಿ ಆಗಬ್ಯಾಡ್ರಿ, ಪ್ರಿಫರ್ಡ್ ಲೂಪಿನಿಂದ ದೋಣಿಕಟ್ಟಿ ನಡದು ಹೋಗೂವಷ್ಟ ದೂರ. ಅನಿಮಲ್ ಕಿಂಗ್‌ಡಮ್ ದಿನ ಅಷ್ಟ ಅತ್ತಿಯವರಿಗೆ ಒಳಗಿನ ಬಸ್ಸು ಹಿಡಿಸ್ರಿ.